ಕಡಲಿನ ನೀರುಗಂಟಿಗಳು

(ಹೊಸಕೋಟೆ ಬಳಿಯ ಕೈಗಾರಿಕಾ ಪ್ರದೇಶ ಪಿಲ್ಲಗುಂಪೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಆಹ್ವಾನಪತ್ರಿಕೆ ಹಂಚಿದ ದಿನ ಚಿಂತಾಮಣಿ ರಸ್ತೆಯ ಟೀ ಅಂಗಡಿಯಲ್ಲಿ ಹಳೆಯ ಪರಿಚಯದವರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಸಮುದ್ರ ಉಳಿಸೋರ ಬಗ್ಗೆ ಮಾತಾಡೋಕೆ ನಿಮಗೆ ನಮ್ಮ ಪಿಲ್ಲಗುಂಪೇನೇ ಬೇಕಾಗಿತ್ತಾ?" ಎಂದರು. ಕೇಳಿದ್ದು ನ್ಯಾಯವಾಗಿಯೇ ಇದೆ. ಇಲ್ಲಿಂದ ಯಾವ ಕಡೆ ಹೊರಟರೂ ಅಲೆ ಕಾಣಬೇಕಾದರೆ ಒಂದು ರಾತ್ರಿಯ ಬಸ್ಸು ಹಿಡಿಯಬೇಕು. ಸಮುದ್ರದ ಮೀನೆಂದರೆ ನಮಗೆ ಐಸು ಹಾಕಿದ ಡಬ್ಬಿಯಲ್ಲಿ ಬಂದಿಳಿಯುವ ಬಂಗುಡೆ. ಸ್ವಂತದ್ದೆಂದರೆ ಕೆರೆಯ ಜಿಲೇಬಿ ಮೀನು.

ಆದರೆ ನಮ್ಮ ನೀರು ಅಲ್ಲಿಗೆ ಹೋಗಿ ಬಹಳ ಕಾಲವಾಯಿತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಕೆರೆಗೆ ಬಂದು, ಕೋಡಿ ಬಿದ್ದ ವರ್ಷ ಮುಂದೆ ಹರಿದು, ಹೊಸೂರಿನ ಹತ್ತಿರ ಕೆಲವರಪಲ್ಲಿ ಜಲಾಶಯ ಸೇರಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಬೆಂಗಳೂರಿನ ಕೊಳಚೆ ವರ್ತೂರಿನ ಕಡೆಯಿಂದ ಬಂದು ಕೂಡುವುದೂ ಇದೇ ಹೊಳೆಗೆ. ಕೆಲವರಪಲ್ಲಿಯಲ್ಲಿ ಆಳೆತ್ತರ ನೊರೆ ಎದ್ದದ್ದನ್ನು ಟೀವಿಯಲ್ಲಿ ನೀವೂ ನೋಡಿದ್ದೀರಿ. ಆ ಕಡಲೂರಿನ ಮರಳಿಗೆ ಪ್ರತಿ ವರ್ಷ ಚಳಿಗಾಲದ ಕೊನೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಆದ್ದರಿಂದ ಕಡಲಿಗೂ ಹೊಸಕೋಟೆಗೂ ಸಂಬಂಧವಿಲ್ಲ ಎನ್ನುವ ಮಾತನ್ನು ಕೊಳಚೆಯ ಮಟ್ಟಿಗಾದರೂ ಕೈಬಿಡೋಣ.

ನಾನು ವಿಜ್ಞಾನಿಯಲ್ಲ, ಈಜು ಬರುವುದಿಲ್ಲ. ಬೆಂಗಳೂರಿನ ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಮೂವತ್ತು ವರ್ಷ ಆಡಿಟ್ ಗುಮಾಸ್ತನಾಗಿದ್ದೆ. ನಮ್ಮ ಕಚೇರಿಗೆ ಸ್ವಯಂಸೇವಾ ಸಂಸ್ಥೆಗಳ ಲೆಕ್ಕ ಬಹಳ ಬರುತ್ತಿತ್ತು, ಅದರಲ್ಲಿ ಕಡಲ ಕೆಲಸದವರೂ ಇದ್ದರು. ಏಪ್ರಿಲ್ ಬಂತೆಂದರೆ ಅವರ ಊರಿಗೆ ಹೋಗಿ, ಫ್ಯಾನಿನ ಕೆಳಗೆ ಕೂತು ವೋಚರ್ ತಿರುವಿಹಾಕುವುದು ನನ್ನ ಕೆಲಸ. ಸಂಸ್ಥೆಗಳ ಹೆಸರು ಹೇಳುವುದಿಲ್ಲ. ಲೆಕ್ಕ ನೋಡಿದವನು ಹೆಸರು ಹೇಳಬಾರದು ಎಂಬುದು ನಮ್ಮ ಕಸುಬಿನ ಶಿಸ್ತು. ಜಗತ್ತಿಗೆ ಗೊತ್ತಿರುವ ಸಂಗತಿಗಳಿಗೆ ಮಾತ್ರ ಹೆಸರು ಸೇರಿಸುತ್ತೇನೆ.

ಮೊದಲ ವರ್ಷ ಕರಾವಳಿಯ ಒಂದು ಪುಟ್ಟ ಸಂಸ್ಥೆಯಲ್ಲಿ ನನ್ನ ಕೈಗೆ ಬಂದ ವೋಚರುಗಳಲ್ಲಿ ಇದ್ದದ್ದು: ಟಾರ್ಚ್ ಸೆಲ್ಲು, ಬಿದಿರಿನ ಗೂಟ, ಹಳೆಯ ಬಲೆ ಇಪ್ಪತ್ತು ಮಾರು, ಕೆಂಪು ಜಿಲೆಟಿನ್ ಕಾಗದ ಎರಡು ಹಾಳೆ, ಬಿಸ್ಕತ್ತು. ಕೆಂಪು ಕಾಗದ ಯಾಕೆ, ಶಾಲಾ ವಾರ್ಷಿಕೋತ್ಸವವೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ನಕ್ಕು, ಬಿಳಿ ಬೆಳಕು ಕಂಡರೆ ಮೊಟ್ಟೆಯಿಡಲು ಬಂದ ಆಮೆ ಹಿಂದಕ್ಕೆ ತಿರುಗಿಬಿಡುತ್ತದೆ, ಅದಕ್ಕೇ ಟಾರ್ಚಿನ ಬಾಯಿಗೆ ಕೆಂಪು ಕಾಗದ ಸುತ್ತುತ್ತೇವೆ ಎಂದಳು. ಹಾಗೆ ಒಂದೊಂದು ವೋಚರಿನ ಹಿಂದೆ ಹೋಗುತ್ತ ಹೋಗುತ್ತ ನಾನು ಆ ಕೆಲಸ ಕಲಿತೆ.

ನಡುರಾತ್ರಿ ಹೊರಡುತ್ತಾರೆ. ಆರೇಳು ಕಿಲೋಮೀಟರು ಒದ್ದೆ ಮರಳಿನಲ್ಲಿ ನಡೆದು ಅಷ್ಟೇ ದೂರ ವಾಪಸು. ಆಮೆ ಹತ್ತಿ ಬಂದದ್ದಾದರೆ ಟ್ರ್ಯಾಕ್ಟರ್ ಚಕ್ರ ಉರುಳಿದ ಹಾಗೆ ಮರಳಿನ ಮೇಲೆ ಜಾಡು ಇರುತ್ತದೆ. ಜಾಡಿನ ತುದಿಯಲ್ಲಿ ಗೂಡು. ಒಂದೂವರೆ ಅಡಿ ಆಳದಲ್ಲಿ ನೂರು, ನೂರಿಪ್ಪತ್ತು ಮೊಟ್ಟೆ, ಪಿಂಗ್‌ಪಾಂಗ್ ಚೆಂಡಿನಂತೆ. ನಾಯಿ, ನರಿ, ಏಡಿ, ಮನುಷ್ಯ ಎಲ್ಲರಿಗೂ ಅದು ಬೇಕು. ಗೂಡು ಇರುವಲ್ಲೇ ಉಳಿಯುವಂತಿದ್ದರೆ ಸುತ್ತ ಬಲೆ ಕಟ್ಟಿ ಬಿಡುತ್ತಾರೆ. ಇಲ್ಲವಾದರೆ ಕೆಲವೇ ಗಂಟೆಗಳಲ್ಲಿ ಮೊಟ್ಟೆಗಳನ್ನು ಅಲುಗಿಸದೆ, ಮಗುಚದೆ ತೆಗೆದು, ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ ಗುಂಡಿ ತೋಡಿ ಇಡಬೇಕು. ತಡವಾದರೆ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸತ್ತಿತು. ಆಮೇಲೆ 45ರಿಂದ 60 ದಿನ ಕಾಯಬೇಕು. ಮರಳಿನ ಬಿಸಿ ಸುಮಾರು 29 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣು ಹೆಚ್ಚು, ಕೆಳಗಿದ್ದರೆ ಗಂಡು ಹೆಚ್ಚು. ಆದ್ದರಿಂದ ಬಿಸಿಯನ್ನೂ ಬರೆದಿಡಬೇಕು. ಮರಿ ಹೊರಬಂದ ಮೇಲೆ ಒಡೆದ ಚಿಪ್ಪು ಎಣಿಸಬೇಕು, ಒಡೆಯದೆ ಉಳಿದದ್ದನ್ನೂ ಎಣಿಸಬೇಕು. ಕೊಳೆತ ಮೊಟ್ಟೆ ಎಣಿಸುವ ಆ ಕೆಲಸವನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದೆ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಫೋಟೋದಲ್ಲಿ ಬರುವುದು ಮರಿಗಳು ಅಲೆಯತ್ತ ಓಡುವ ಬೆಳಗಿನ ಹತ್ತು ನಿಮಿಷ. ಮಿಕ್ಕಿದ್ದೆಲ್ಲ ಎಣಿಕೆ, ಕಾಯುವಿಕೆ ಮತ್ತು ಬರವಣಿಗೆ.

ಬೆಂಗಳೂರಿನಲ್ಲೇ ಇಂಥ ಕೆಲಸದ ಒಂದು ಸಂಸ್ಥೆ ಇದೆ, 2008ರಲ್ಲಿ ಶುರುವಾದ ದಕ್ಷಿಣ್ ಫೌಂಡೇಶನ್. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಅದರ ಸ್ಥಾಪಕರಲ್ಲೊಬ್ಬರು. ಅಂಡಮಾನ್, ಒಡಿಶಾ, ಲಕ್ಷದ್ವೀಪಗಳಲ್ಲಿ ಅವರ ಕೆಲಸ. ಲಿಟಲ್ ಅಂಡಮಾನಿನಲ್ಲಿ ಮೊಟ್ಟೆಯಿಟ್ಟ ಲೆದರ್‌ಬ್ಯಾಕ್ ಆಮೆಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ಕೆಲವು ಆಸ್ಟ್ರೇಲಿಯಾದ ಕಡೆ ಹೋದವು, ಕೆಲವು ಆಫ್ರಿಕಾದ ಮೊಜಾಂಬಿಕ್ ಕಡೆ. ಕಡಲಿಲ್ಲದ ಬೆಂಗಳೂರಿನಲ್ಲಿ ಕೂತು ಈ ಆಮೆಗಳ ದಾರಿಯನ್ನು ಕಂಪ್ಯೂಟರಿನಲ್ಲಿ ನೋಡುವವರಿದ್ದಾರೆ ಎಂದರೆ, ಪಿಲ್ಲಗುಂಪೆಯಲ್ಲಿ ಕೂತು ಮಾತಾಡುವುದು ಅಂಥ ದೊಡ್ಡ ವಿಚಿತ್ರವೇನಲ್ಲ.

ಇಂಥ ಕಚೇರಿಯ ಒಳಗೆ ಯಾರಿರುತ್ತಾರೆ? ಸಂಬಳದ ಪಟ್ಟಿ ನೋಡಿದವನಾಗಿ ಹೇಳುತ್ತೇನೆ. ಮೇಲೆ ಒಬ್ಬಿಬ್ಬರು ವಿಜ್ಞಾನಿಗಳು. ಕೆಳಗೆ ಎಂಎಸ್ಸಿ ಮುಗಿಸಿ ಹನ್ನೊಂದು ತಿಂಗಳ ಕರಾರಿನಲ್ಲಿ ಬಂದ ಹುಡುಗ ಹುಡುಗಿಯರು. ಅವರ ತಾಯಂದಿರು ಫೋನಿನಲ್ಲಿ "ಪರ್ಮನೆಂಟ್ ಯಾವಾಗ ಆಗುತ್ತೆ?" ಎಂದು ಕೇಳುತ್ತಿರುತ್ತಾರೆ. ಒಬ್ಬರು ಇಡೀ ವರ್ಷ ಅರ್ಜಿ ಬರೆಯುತ್ತಾರೆ, ಏಕೆಂದರೆ ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಸಂಶೋಧನೆಗೆಂದು ಅದನ್ನು ಮುಟ್ಟಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನೊಬ್ಬರು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಓದುವವರು. ಅದು 1991ರಲ್ಲಿ ಬಂತು, 2011ರಲ್ಲಿ ಹೊಸದಾಯಿತು, 2019ರಲ್ಲಿ ಮತ್ತೆ ಹೊಸದಾಯಿತು. ಪ್ರತಿ ಸಲವೂ ಮೀನುಗಾರರ ಕೇರಿಗೆ ಹೋಗಿ, ನಿಮ್ಮ ಬಲೆ ಒಣಗಿಸುವ ಜಾಗ ನಕ್ಷೆಯಲ್ಲಿ ಇದೆಯೋ ಇಲ್ಲವೋ ಎಂದು ಬಿಡಿಸಿ ಹೇಳಬೇಕು. ಲೆಕ್ಕ ಬರೆಯುವವರೊಬ್ಬರು, ಹೆಚ್ಚಾಗಿ ಮಹಿಳೆ, ಕಡಲನ್ನು ಪ್ರವಾಸಕ್ಕೆ ಹೋದಾಗ ಮಾತ್ರ ನೋಡಿದವರು. ಪಟ್ಟಿಯ ಕೊನೆಗೆ, ಕೆಲವು ಕಡೆ ಪಟ್ಟಿಯಿಂದ ಹೊರಗೇ, 'ಕ್ಷೇತ್ರ ಸಹಾಯಕ'. ರಾತ್ರಿ ನಡೆಯುವವನು, ದೋಣಿ ಬಿಡುವವನು, ಮೋಡ ನೋಡಿ "ಇವತ್ತು ಬೇಡ" ಎನ್ನುವವನು ಇವನೇ. ಅವನ ಮಾತು ಕೇಳದೆ ಹೊರಟ ಡಾಕ್ಟರೇಟುಗಳು ಒದ್ದೆಯಾಗಿ ವಾಪಸಾದ ಕಥೆ ಪ್ರತಿ ಸಂಸ್ಥೆಯಲ್ಲೂ ಒಂದಿದೆ.

ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕಥೆಯೊಂದನ್ನು ನಾನೂ ಹೇಳಬೇಕು. ಸತೀಶ್ ಭಾಸ್ಕರ್ ಎಂಬವರು ಮದ್ರಾಸಿನ ಐಐಟಿಯಲ್ಲಿ ಓದುವುದನ್ನು ಅರ್ಧಕ್ಕೆ ಬಿಟ್ಟು, ರೊಮ್ಯುಲಸ್ ವಿಟೇಕರ್ ಕಟ್ಟಿದ ಹಾವುಗಳ ಉದ್ಯಾನ ಸೇರಿ, ಆಮೆ ಹುಡುಕುತ್ತ ಭಾರತದ ಕರಾವಳಿಯಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದರು. 1982ರ ಮಳೆಗಾಲವನ್ನು ಲಕ್ಷದ್ವೀಪದ ಸುಹೇಲಿಯಲ್ಲಿ, ಜನವಸತಿಯಿಲ್ಲದ ದ್ವೀಪದಲ್ಲಿ, ಒಬ್ಬರೇ ಕಳೆದರು. ಹಸಿರು ಆಮೆಗಳು ಅಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲೇ, ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಮಳೆಗೆ ಮೊದಲು ಬಿಟ್ಟು ಬಂದರೆ ಮಳೆ ಮುಗಿದ ಮೇಲೆ ಕರೆತರಬೇಕು. ಮನೆಯಲ್ಲಿ ಹೆಂಡತಿ, ಎಳೆಯ ಮಗಳು. ಅವರು ಹೆಂಡತಿಗೆ ಕಾಗದ ಬರೆದು ಬಾಟಲಿಯಲ್ಲಿ ಹಾಕಿ ಅಲೆಗೆ ಎಸೆದರು. ಅದು ಶ್ರೀಲಂಕಾದ ಮೀನುಗಾರನೊಬ್ಬನಿಗೆ ಸಿಕ್ಕಿ, ಅವನು ಅದನ್ನು ಅಂಚೆಗೆ ಹಾಕಿ, ಕಾಗದ ಮನೆ ಮುಟ್ಟಿತು! ಭಾಸ್ಕರ್ 2023ರಲ್ಲಿ ತೀರಿಕೊಂಡರು.

ಈ ಕಥೆ ನನಗೆ ಬಹಳ ಇಷ್ಟ, ಆದರೆ ಇದನ್ನು ಕೇಳಿದಾಗಲೆಲ್ಲ ಒಂದು ಅಳುಕೂ ಇದೆ. ಒಬ್ಬ ಮನುಷ್ಯ ತನ್ನ ಹುಚ್ಚಿಗೆ ತಾನೇ ಆರಿಸಿಕೊಂಡದ್ದನ್ನು ಆಮೇಲೆ ಬಂದವರೆಲ್ಲರ ಕೆಲಸದ ಷರತ್ತು ಮಾಡಿಬಿಡುತ್ತೇವೆ. ಪಿಎಫ್ ಕೇಳಿದ ಹುಡುಗನಿಗೆ "ಇದು ನೌಕರಿ ಅಲ್ಲಪ್ಪ, ಸೇವೆ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸೇವೆ ಎಂಬ ನಮ್ಮ ಮಾತು ಬಲು ಚಂದ, ಬಲು ಅಗ್ಗ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂದಾಗ ಗ್ರೇಟ್ ನಿಕೋಬಾರಿನ ಗಲಾಥಿಯಾ ಕಡಲತೀರದಲ್ಲಿ ಆಮೆಗಳ ಅಧ್ಯಯನಕ್ಕೆಂದು ಬೀಡುಬಿಟ್ಟವರಿದ್ದರು. ಅಲೆ ಶಿಬಿರವನ್ನೇ ಒಯ್ದಿತು. ಅಂದಿನಿಂದ ಯಾವ ಕಡಲ ಸಂಸ್ಥೆಯ ಲೆಕ್ಕ ಕೈಗೆ ಬಂದರೂ ನಾನು ಮೊದಲು ತೆರೆದು ನೋಡುತ್ತಿದ್ದದ್ದು ವಿಮೆಯ ಕಂತಿನ ಪುಟ.

ಇಲ್ಲಿ ನಮ್ಮ ಸೀಮೆಯ ಒಂದು ಹಳೆಯ ಕಸುಬು ನೆನಪಾಗುತ್ತದೆ. ಇಲ್ಲಿ ಕೂತ ಹಿರಿಯರಿಗೆ ನೀರುಗಂಟಿ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಕೆರೆಯ ತೂಬು ತೆಗೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವವನು, ರಾತ್ರಿ ಮಳೆ ಜೋರಾದರೆ ಕಂದೀಲು ಹಿಡಿದು ಏರಿಯ ಮೇಲೆ ನಡೆಯುವವನು. ಅವನಿಗೆ ಊರು ಸಂಬಳ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಆಯ ಕೊಡುತ್ತಿತ್ತು, ಕೆಲವು ಕಡೆ ಇನಾಂ ಭೂಮಿಯೂ ಇತ್ತು. ಗದ್ದೆಯಿದ್ದ ಪ್ರತಿಯೊಬ್ಬನೂ ಅವನ ಪಾಲು ಅಳೆಯಲೇಬೇಕು. ಈ ವರ್ಷ ಕೆರೆ ತುಂಬಲಿಲ್ಲ, ಮುಂದಿನ ವರ್ಷದಿಂದ ನೀರುಗಂಟಿ ಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನೀರುಗಂಟಿ ಬಹುಪಾಲು ಹೊಲಗೇರಿಯವನು. ಆಯ ಸಿಕ್ಕರೂ ಜಗಲಿ ಸಿಗುತ್ತಿರಲಿಲ್ಲ. ನಾನು ತೆಗೆದುಕೊಳ್ಳುತ್ತಿರುವುದು ಅದರ ಲೆಕ್ಕವನ್ನು ಮಾತ್ರ: ಕಾಯುವ ಕೆಲಸ ಒಂದು ವರ್ಷದ್ದಲ್ಲ, ಆದ್ದರಿಂದ ಕೂಲಿಯೂ ಒಂದು ವರ್ಷದ್ದಾಗಬಾರದು ಎಂಬುದು ನಮ್ಮ ಹಳ್ಳಿಗೆ ತಿಳಿದಿತ್ತು.

ಈ ದತ್ತಿ ಇಟ್ಟವರಿಗೂ ಅದು ತಿಳಿದಿತ್ತು. ಅಸಲು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಯಾರು ಮಾತಾಡಲಿ ಬಿಡಲಿ, ಅಸಲು ಕರಗುವುದಿಲ್ಲ. ಕಡಲ ಸಂಸ್ಥೆಗಳ ಬಳಿ ಇಲ್ಲದಿರುವುದು ಇದೇ. ಅವರ ಹಣ ಪ್ರಾಜೆಕ್ಟಿನದು, ಒಂದು ವರ್ಷ, ಎರಡು ವರ್ಷ, ಹೆಚ್ಚೆಂದರೆ ಮೂರು. ಇವತ್ತು ಮರಳಿನಿಂದ ಎದ್ದು ಓಡಿದ ರಿಡ್ಲೆ ಮರಿ ತಾಯಾಗಿ ತೀರಕ್ಕೆ ಬರಬೇಕಾದರೆ ಹತ್ತು ಹದಿನೈದು ವರ್ಷ ಬೇಕು. ಆ ಹೊತ್ತಿಗೆ ನಾಲ್ಕೈದು ಪ್ರಾಜೆಕ್ಟು ಮುಗಿದು, ಎಣಿಸಿದ ಹುಡುಗಿ ಯಾವುದೋ ಸಾಫ್ಟ್‌ವೇರ್ ಕಂಪನಿ ಸೇರಿ, ವಹಿ ಯಾರ ಕಪಾಟಿನಲ್ಲಿದೆ ಎಂದು ಹುಡುಕುವ ಸ್ಥಿತಿ. ನಾನು ನೋಡಿದ ಒಂದು ಕಡೆ ಏಳು ವರ್ಷದ ಎಣಿಕೆಯ ನಡುವೆ ಎರಡು ವರ್ಷ ಖಾಲಿ ಇತ್ತು. ಆಮೆ ಬಂದಿರಲಿಲ್ಲವೇ ಎಂದೆ. "ಬಂದಿತ್ತು ಸಾರ್, ಫಂಡ್ ಬಂದಿರಲಿಲ್ಲ" ಎಂದರು.

ಬಿಡದೆ ಎಣಿಸಿದರೆ ಏನು ಸಿಗುತ್ತದೆ? ಮೈಸೂರಿನಲ್ಲಿ 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಜೊತೆಗಾರರು ಲಕ್ಷದ್ವೀಪದ ಹವಳದ ದಿಬ್ಬಗಳನ್ನು ಆ ಕಾಲದಿಂದಲೂ ನೋಡುತ್ತ ಬಂದಿದ್ದಾರೆ. ಲಕ್ಷದ್ವೀಪ ನಮಗೆ ಪರದೇಶವೇನಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವರ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 1998ರಲ್ಲಿ, 2010ರಲ್ಲಿ, 2016ರಲ್ಲಿ ಕಡಲು ಬಿಸಿಯಾಗಿ ಹವಳ ಬಿಳಿಚಿಕೊಂಡಿತು. ಮೂರು ಸಲವೂ ಮೊದಲು ಹೇಗಿತ್ತು, ಆಮೇಲೆ ಎಲ್ಲಿ ಚೇತರಿಸಿತು, ಎಲ್ಲಿ ಇಲ್ಲ ಎಂದು ಹೇಳಲು ಇವರ ಹಳೆಯ ವಹಿಗಳಿದ್ದವು.

ಅದಕ್ಕಿಂತ ನನಗೆ ಹಿಡಿಸಿದ್ದು ಅಗತ್ತಿ ದ್ವೀಪದ ಸಂಗತಿ. ಅಲ್ಲಿನ ಲಗೂನಿನಲ್ಲಿ ಹಸಿರು ಆಮೆಗಳು ಕಾಯ್ದೆಯ ನೆರಳಿನಲ್ಲಿ ಹೆಚ್ಚಿದವು, ತಳದ ಕಡಲಹುಲ್ಲನ್ನು ಬುಡದ ತನಕ ಮೇಯ್ದವು. ಹುಲ್ಲು ಹೋದರೆ ಅದರೊಳಗೆ ಬೆಳೆಯುವ ಮೀನೂ ಹೋಯಿತು ಎಂದು ಮೀನುಗಾರರು ಆಮೆಗಳ ಮೇಲೆ ಸಿಟ್ಟಾದರು. ಆಮೆ ಉಳಿಸಲು ಬಂದ ಸಂಸ್ಥೆ ಇಂಥ ದೂರನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದೇ ಹೆಚ್ಚು. ರೋಹನ್ ಆರ್ಥರ್ ಅವರ ತಂಡ ಹಾಗೆ ಮಾಡಲಿಲ್ಲ. ಹುಲ್ಲಿನ ನಡುವೆ ಆಮೆ ಬಾರದಂತೆ ಬೇಲಿ ಹಾಕಿ, ಒಳಗೂ ಹೊರಗೂ ಅಳೆದರು. ಆಮೆಗಳು ಹುಲ್ಲನ್ನು ಸವೆಸುತ್ತಿರುವುದು ನಿಜ ಎಂದು ಅಚ್ಚುಮಾಡಿದರು. ಹೊಲಕ್ಕೆ ಆನೆ ನುಗ್ಗಿದರೆ ರೈತನಿಗೆ ಆಗುವ ನಷ್ಟವನ್ನು ನಾವು ಒಪ್ಪುತ್ತೇವಲ್ಲ, ಕಡಲೊಳಗೂ ಅದೇ ಜಗಳ ಇದೆ ಎಂದು ಒಪ್ಪಲು ಆಮೆಯವರಿಗೇ ಎದೆಗಾರಿಕೆ ಬೇಕಿತ್ತು.

ಒಡಿಶಾದ ಕಥೆ ಇನ್ನೂ ಕಹಿ. ನಮ್ಮ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಒಡಿಯಾ ಮಾತು ಕೇಳುತ್ತೀರಿ. ಒಡಿಶಾದ ಗಂಜಾಂ ಜಿಲ್ಲೆಯ ಋಷಿಕುಲ್ಯ ಅಳಿವೆಗೆ ಕೆಲವು ವರ್ಷ ಲಕ್ಷಗಟ್ಟಲೆ ರಿಡ್ಲೆಗಳು ಒಟ್ಟಿಗೆ ಹತ್ತಿ ಬರುತ್ತವೆ. ವಿಜ್ಞಾನಕ್ಕೆ ಅದು 1994ರಲ್ಲಿ ಗೊತ್ತಾಯಿತು, ಅಲ್ಲಿನ ಬೆಸ್ತರಿಗೆ ಅಜ್ಜನ ಕಾಲದಿಂದ. ಆಮೆಗಳಿಗಾಗಿ ನವೆಂಬರ್ 1ರಿಂದ ಮೇ 31ರವರೆಗೆ ತೀರದಿಂದ 20 ಕಿಲೋಮೀಟರ್ ಒಳಗೆ ಮೀನುಗಾರಿಕೆ ನಿಷೇಧ. ಏಳು ತಿಂಗಳು! ಅದೇ ಬೆಸ್ತರ ಮಕ್ಕಳು ರಾತ್ರಿ ಸಂಶೋಧಕರ ಜೊತೆ ಹಗ್ಗ ಹಿಡಿದು, ಪಟ್ಟಿ ಹಾಕಿ, ಆಮೆ ಎಣಿಸುತ್ತಾರೆ. ಅಪ್ಪನ ಬಲೆ ಮನೆಯಲ್ಲಿ ಒಣಗುತ್ತಿರುವಾಗ ಮಗ ಆಮೆ ಎಣಿಸುವ ಕೂಲಿಗೆ ಹೋಗುವುದು ಎಂಥ ನೌಕರಿ ಎಂದು ಯೋಚಿಸಿ. ಅದಕ್ಕೇ ಈ ಸಂಸ್ಥೆಗಳಲ್ಲಿ ಕೆಲವು ಈಗ ಬರೀ ಆಮೆಯ ಮಾತಾಡುವುದಿಲ್ಲ. ಮೀನುಗಾರರ ಆರೋಗ್ಯ, ಬದುಕು, ತೀರದ ಮೇಲಿನ ಹಕ್ಕು ಎಂದು ಹೊರಟಿವೆ. ಆಮೆಗೆಂದು ಬಂದ ಹಣ ಅಲ್ಲಿಗೆ ಯಾಕೆ ಹೋಯಿತು ಎಂದು ಕೇಳುವ ಆಡಿಟ್ ಗುಮಾಸ್ತರಲ್ಲಿ ನಾನೂ ಒಬ್ಬನಾಗಿದ್ದೆ. ಉತ್ತರ ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಹಣದ ಮಾತಿಗೆ ಬಂದೆ, ಇಲ್ಲಿ ಕಾರ್ಖಾನೆಗಳ ಅಧಿಕಾರಿಗಳೂ ಕೂತಿದ್ದಾರೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಕಾರ್ಖಾನೆಯ ಸುತ್ತಲ ಊರಿಗೆ ಆದ್ಯತೆ ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಶಾಲೆಗೆ ಬೆಂಚು, ಊರಿಗೆ ಶುದ್ಧ ನೀರಿನ ಘಟಕ. ಬೇಡವೆನ್ನಲಾರೆ. ಆದರೆ ಸುತ್ತಲ ಊರು ಎಂದರೆ ಎಲ್ಲಿಯ ತನಕ? ನಮ್ಮ ಮೋರಿಯ ನೀರು ಎಲ್ಲಿಯ ತನಕ ಹೋಗುತ್ತದೋ ಅಲ್ಲಿಯ ತನಕ ಎಂದು ನಾನು ಒಮ್ಮೆ ಒಬ್ಬ ಮ್ಯಾನೇಜರಿಗೆ ಹೇಳಿದೆ. ಅವರು ಟೀ ತರಿಸಿದರು. ವಿದೇಶಿ ದೇಣಿಗೆಯದು ಬೇರೆ ಪಾಡು: ಅದರ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಕ್ಷೇತ್ರದಲ್ಲಿ ಎಣಿಸುವವರ ಸಂಬಳಕ್ಕೆ ತೊಂದರೆಯಿಲ್ಲ, ಕಚೇರಿಯಲ್ಲಿ ಕೂತು ಆ ಎಣಿಕೆಗೆ ಲೆಕ್ಕ ಬರೆಯುವವರ ಸಂಬಳಕ್ಕೆ ಕತ್ತರಿ. ಕಾನೂನು ಕಟ್ಟುನಿಟ್ಟಾದಷ್ಟೂ ಲೆಕ್ಕದವರು ಹೆಚ್ಚು ಬೇಕು, ಅವರನ್ನು ಇಟ್ಟುಕೊಳ್ಳಲು ಹಣ ಕಡಿಮೆ. ನನ್ನ ಜಾತಿಯವರ ಪರವಾಗಿ ಇಷ್ಟು ಹೇಳಿದ್ದನ್ನು ಕ್ಷಮಿಸಿ.

ಕೊನೆಗೆ ಒಂದು ವೋಚರಿನ ವಿಷಯ. ಕುಂದಾಪುರದ ಕಡೆ, ಕೋಡಿ ಎಂದರೆ ಕೆರೆಯದಲ್ಲ, ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳ ಪಟ್ಟಿ. ಅಲ್ಲಿಯ ತೀರದಲ್ಲಿ ಹಿಂದೆ ಆಮೆಮೊಟ್ಟೆ ಸಿಕ್ಕರೆ ತಿನ್ನುತ್ತಿದ್ದರು, ಈಗ ಅದೇ ಮೀನುಗಾರರು ಗೂಡು ಕಂಡರೆ ಫೋನು ಮಾಡುತ್ತಾರೆ. ಆ ಸೀಮೆಯ ಒಬ್ಬ ಮೀನುಗಾರರು ಒಂದು ಸಂಸ್ಥೆಗೆ ಐವತ್ತು ದಿನ ಗೂಡು ಕಾದಿದ್ದರು. ಅವರ ತಂದೆ ರಂಪಣಿ ಬಲೆ ಎಳೆದವರು. ರಂಪಣಿ ಎಳೆಯಲು ಒಂದು ಕೇರಿಯೇ ಬೇಕು, ಬಿದ್ದ ಮೀನಿನಲ್ಲಿ ಎಳೆದ ಪ್ರತಿಯೊಬ್ಬನಿಗೂ ಪಾಲು ಇತ್ತು. 1970ರ ದಶಕದಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಇಳಿದ ಮೇಲೆ ರಂಪಣಿ ದಡ ಸೇರಿತು. ಮಗನಿಗೆ ಪಾಲಿನ ಬದಲು ವೋಚರು. ವಿವರದ ಅಂಕಣದಲ್ಲಿ ಅವರೇ ದುಂಡಗೆ ಬರೆದಿದ್ದರು: 'ಕಾದದ್ದಕ್ಕೆ'. ಅಷ್ಟೇ.

ನಾನು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿ ತಕರಾರು ತೆಗೆದೆ. ಏನನ್ನು ಕಾದದ್ದು, ಎಷ್ಟು ಗಂಟೆ, ಯಾರ ಆದೇಶ? ಕಾವಲು ಎಂಬ ಖರ್ಚಿನ ಶೀರ್ಷಿಕೆ ಆ ಪ್ರಾಜೆಕ್ಟಿನಲ್ಲಿ ಇರಲಿಲ್ಲ. ತರಬೇತಿ ಇತ್ತು, ಅರಿವು ಕಾರ್ಯಕ್ರಮ ಇತ್ತು, ಬ್ಯಾನರು ಇತ್ತು. ಲೆಕ್ಕದ ಹುಡುಗಿ ಅವರನ್ನೇ ಕರೆಸಿದಳು. ಅವರು ಬಂದು ನಿಂತರು, ಕೂರಿ ಎಂದರೂ ಕೂರಲಿಲ್ಲ. "ಮರಿ ನೂರಾ ಆರು ಹೋಯ್ತು, ಬರ್ದಿದ್ದೆ ಮಾರಾಯ್ರೆ, ಆ ಪುಸ್ತಕದಲ್ಲಿ ಇತ್ತ್ ಕಾಣಿ" ಎಂದರು. ಪುಸ್ತಕ ತರಿಸಿದೆ. ಐವತ್ತು ದಿನ, ಐವತ್ತು ಸಾಲು, ಮಳೆಯ ಹನಿ ಬಿದ್ದು ಶಾಯಿ ಹರಡಿದ ಒಂದು ಪುಟ. ಸಹಿ ಹಾಕಿ ವೋಚರನ್ನು 'ಇತರೆ ವೆಚ್ಚ'ಕ್ಕೆ ಸೇರಿಸಿದೆ.